ವಿಸಿಟಿಂಗ್ ಕಾರ್ಡಿನಲ್ಲಿ ‘ನಾನು’ ಎಷ್ಟು?

ವಿಸಿಟಿಂಗ್ ಕಾರ್ಡಿನ ಅಕ್ಷರ, ಬಣ್ಣ, ಕಾಗದಗಳಿಗಿಂತ ಮೊದಲು ಇತ್ಯರ್ಥವಾಗಬೇಕಾದ ಪ್ರಶ್ನೆಯೊಂದಿದೆ: ತನ್ನ ಬಗ್ಗೆ ತಾನೇ ಎಷ್ಟು ಹೇಳಿಕೊಳ್ಳಬಹುದು? ಮೂರೂವರೆ ಇಂಚು ಉದ್ದ, ಎರಡು ಇಂಚು ಅಗಲದ ಜಾಗದಲ್ಲಿ ಹೆಸರು, ಕಸುಬು, ವಿಳಾಸ ಕೂತ ಮೇಲೂ ಸ್ವಲ್ಪ ಖಾಲಿ ಉಳಿಯುತ್ತದೆ. ಅಲ್ಲಿ ಹೊಗಳಿಕೆ ತುಂಬುವುದು ಅಹಂಕಾರವೋ, ವ್ಯವಹಾರದ ಅಗತ್ಯವೋ?

ಬೌದ್ಧರ ‘ಮಿಲಿಂದಪನ್ಹ’ ಹೆಸರಿನಿಂದಲೇ ಚರ್ಚೆ ಶುರುಮಾಡುತ್ತದೆ. ರಾಜ ಮಿಲಿಂದ ಹೆಸರು ಕೇಳಿದಾಗ ಭಿಕ್ಷು ನಾಗಸೇನ, ತನ್ನನ್ನು ಹಾಗೆ ಕರೆಯುತ್ತಾರೆ ಅಷ್ಟೆ, ಅದರ ಹಿಂದೆ ಸ್ಥಿರವಾದ ವ್ಯಕ್ತಿಯೊಬ್ಬ ಸಿಗುವುದಿಲ್ಲ ಎನ್ನುತ್ತಾನೆ. ಇದಕ್ಕೆ ಅವನು ಕೊಡುವ ಉದಾಹರಣೆ ರಥ: ಅಚ್ಚು, ಗಾಲಿ, ನೊಗಗಳಲ್ಲಿ ಯಾವುದೊಂದೂ ರಥವಲ್ಲ. ಆದರೂ ಅವೆಲ್ಲ ಕೂಡಿದಾಗ ರಥವೆಂಬ ಮಾತು ಸಲ್ಲುತ್ತದೆ. ಹೆಸರು ಸುಳ್ಳಲ್ಲ, ವ್ಯವಹಾರಕ್ಕೆ ಬೇಕಾದ ಗುರುತು.

12ನೇ ಶತಮಾನದ ಶರಣರಲ್ಲಿ ಈ ಗುರುತಿಗೆ ಕಾಯಕ ಕೂಡಿಕೊಂಡಿತು: ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ. ವಚನದ ಅಂಕಿತ ಸಾಮಾನ್ಯವಾಗಿ ಇಷ್ಟದೈವದ ಹೆಸರು. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಚೌಡಯ್ಯ ಮಾತ್ರ ‘ಅಂಬಿಗರ ಚೌಡಯ್ಯ’ ಎಂಬ ತನ್ನ ಹೆಸರನ್ನೇ ಅಂಕಿತವಾಗಿಸಿಕೊಂಡ. ಮೇಲ್ನೋಟಕ್ಕೆ ಇದು ಆತ್ಮಪ್ರಶಂಸೆ. ಆದರೆ ದೇವರ ಹೆಸರು ನಿಲ್ಲುವ ಜಾಗದಲ್ಲಿ ಅವನು ನಿಲ್ಲಿಸಿದ್ದು ದೋಣಿ ನಡೆಸುವ ಕಾಯಕವನ್ನು, ಸಮಾಜ ಕೀಳಾಗಿ ಕಂಡ ಕಸುಬನ್ನು. ತನ್ನ ಹೆಸರು ಹೇಳಿಕೊಳ್ಳುವುದೆಲ್ಲ ಅಹಂಕಾರವಲ್ಲ ಎನ್ನಲು ಇದಕ್ಕಿಂತ ಗಟ್ಟಿಯಾದ ನಿದರ್ಶನ ಬೇಕಿಲ್ಲ.

ಈ ನೋಟದಲ್ಲಿ ವಿನ್ಯಾಸದ ಆಯ್ಕೆಗಳು ಸರಳವಾಗುತ್ತವೆ. ಒಬ್ಬಳೇ ನಡೆಸುವ ಹೊಲಿಗೆ ಅಂಗಡಿಯ ಕಾರ್ಡಿನಲ್ಲಿ ‘ರವಿಕೆ, ಚೂಡಿದಾರ್ ಹೊಲಿಗೆ, ಫಾಲ್, ಜಿಗ್‌ಜಾಗ್’ ಎಂಬ ಸಾಲು ದಪ್ಪ ಅಕ್ಷರದಲ್ಲಿದ್ದರೆ ಗಿರಾಕಿಗೆ ಬೇಕಾದದ್ದು ಸಿಕ್ಕಿತು. ‘ನಂಬರ್ 1’, ‘ವಿಶ್ವದರ್ಜೆ’ ಎಂಬ ಮಾತುಗಳಿಗೆ ಆಧಾರವಿಲ್ಲದಿದ್ದರೆ ಅವು ಸುಳ್ಳೇ. 300 ಜಿಎಸ್‌ಎಂ ಕಾಗದ, ಮ್ಯಾಟ್ ಲ್ಯಾಮಿನೇಷನ್‌ಗಳಿಂದ ಕಾರ್ಡು ಬಾಳಿಕೆ ಬರುತ್ತದೆ, ಅದರಲ್ಲಿ ತಪ್ಪಿಲ್ಲ. ಬಂಗಾರದ ಬಣ್ಣದ ಅಚ್ಚು ಅಂಗಡಿಯಲ್ಲಿಲ್ಲದ ಸಿರಿಯನ್ನು ತೋರಿಸಿದಾಗ ಮಾತ್ರ ತಕರಾರು ಏಳುತ್ತದೆ.

ಕರ್ನಾಟಕದ ಅನೇಕ ಕಾರ್ಡುಗಳ ನೆತ್ತಿಯಲ್ಲಿ ‘ಶ್ರೀ ಮಂಜುನಾಥ ಪ್ರಸನ್ನ’ದಂಥ ಸಾಲೋ ದೇವರ ಚಿತ್ರವೋ ಇರುತ್ತದೆ. ಕಾರ್ಡು ಕೈಯಿಂದ ಕೈಗೆ ಹೋಗಿ ಕೊನೆಗೆ ಕಸಕ್ಕೋ ಕಾಲಡಿಗೋ ಬೀಳುವುದರಿಂದ ಚಿತ್ರ ಬೇಡ ಎನ್ನುವುದು ಭಕ್ತಿಗೆ ತಕ್ಕ ಎಚ್ಚರ. ದೇವರ ಹೆಸರಿನ ಸಾಲಿಗೆ ಇನ್ನೊಂದು ಭಾರವೂ ಇದೆ: ಕೆಳಗೆ ಅಚ್ಚಾದ ಪ್ರತಿ ಮಾತಿಗೂ ಆ ದೇವರನ್ನೇ ಸಾಕ್ಷಿಗೆ ಕರೆದಂತಾಗುತ್ತದೆ.