ಹಲಗೆಯ ಆಚೆಯ ಅರಸರು

ಮೈಸೂರಿನ ಯುದ್ಧಗಳನ್ನು ಕುರಿತು ಶಾಲೆಯ ಮಕ್ಕಳಿಗಾಗಿ ಒಂದು ಹಲಗೆಯ ಆಟವನ್ನು ರಚಿಸುವೆವೆಂದು ಭಾವಿಸೋಣ. ಶ್ರೀರಂಗಪಟ್ಟಣ, ಮಂಗಳೂರು, ಕಡಲೂರು, ನಮ್ಮ ಸೇಲಂ ಇವುಗಳಿಗೆಲ್ಲ ಮನೆಗಳನ್ನು ಬರೆಯಬಹುದು. ಫ್ರಾನ್ಸು ಇಂಗ್ಲೆಂಡುಗಳಿಗೆ ಮಾತ್ರ ಹಲಗೆಯಲ್ಲಿ ಎಡೆಯಿಲ್ಲ. ಆದರೆ ಅವನ್ನು ಬಿಟ್ಟರೆ ಆಟವೇ ಸುಳ್ಳಾಗುವುದು. ಹಾಗಾದರೆ ಅವನ್ನು ತೋರಿಸುವ ಬಗೆ ಹೇಗೆ? ಇದು ಆಟದ ಪ್ರಶ್ನೆಯಂತೆ ಕಂಡರೂ ನಿಜವಾಗಿ ನೀತಿಯ ಪ್ರಶ್ನೆ.

1783ರಲ್ಲಿ ಟಿಪ್ಪು ಸುಲ್ತಾನನು ಮಂಗಳೂರಿನ ಕೋಟೆಯನ್ನು ಮುತ್ತಿದ್ದಾಗ ಫ್ರೆಂಚರ ದಳವೊಂದು ಅವನ ಪಕ್ಷದಲ್ಲಿದ್ದಿತು. ಆ ವರ್ಷದ ಜನವರಿ 20ರಂದೇ ವರ್ಸೇಲ್ಸಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ಪ್ರಾರಂಭದ ಸಂಧಿಯಾಗಿದ್ದಿತು. ಸುದ್ದಿ ಕಡಲೂರನ್ನು ಮುಟ್ಟಲು ಐದು ತಿಂಗಳು ಹಿಡಿಯಿತು. ಅಷ್ಟರೊಳಗೆ, ಜೂನ್ ತಿಂಗಳಿನಲ್ಲಿ, ಅಲ್ಲಿ ಯುದ್ಧವಾಗಿ ಬಹುಮಂದಿ ಮಡಿದಿದ್ದರು. ಸುದ್ದಿ ತಿಳಿದ ಮೇಲೆ ಮಂಗಳೂರಿನ ಫ್ರೆಂಚರೂ ಮುತ್ತಿಗೆಯಿಂದ ಹಿಂದೆಗೆದರು.

ಇದನ್ನು ದಾಳದಿಂದ ತೋರಿಸುವುದು ಸುಲಭ: ಇಂತಿಷ್ಟು ಗರ ಬಿದ್ದರೆ ಮಿತ್ರದಳ ಹೊರಟುಹೋಗುವುದು. ಆದರೆ ಆಗ ಸಂಧಿಯು ಮಳೆ ಬರಗಾಲಗಳ ಸಾಲಿಗೆ ಸೇರುತ್ತದೆ. ಮಳೆಗೆ ಹೊಣೆಯಿಲ್ಲ, ರುಜು ಹಾಕಿದವನಿಗೆ ಹೊಣೆಯುಂಟು. ಫ್ರಾನ್ಸಿಗೆ ಒಬ್ಬ ಆಟಗಾರನನ್ನೇ ಕೂಡಿಸಿ, ಎಲ್ಲವನ್ನೂ ಕಂಡು ಕಾಯಿ ನಡೆಸಲು ಬಿಟ್ಟರೆ ಅದೂ ಸರಿಯಲ್ಲ. ವರ್ಸೇಲ್ಸಿನವರ ಕಣ್ಣಿಗೆ ಮಂಗಳೂರು ಕಾಣುತ್ತಿರಲಿಲ್ಲ. ಆದುದರಿಂದ ಅವನನ್ನು ಹಲಗೆಗೆ ಬೆನ್ನು ಮಾಡಿ ಕೂಡಿಸಬೇಕು. ಅವನಿಗೆ ಅವನದೇ ಬಯಕೆಗಳಿರಲಿ. ಅವನ ಆಜ್ಞೆ ಐದು ತಿಂಗಳು ತಡವಾಗಿ ಬರಲಿ.

ಕಾಣದವನನ್ನು ದೂಷಿಸುವುದು ನ್ಯಾಯವೇ ಎಂದು ಕೇಳಬಹುದು. ಮಂಗಳೂರಿನ ಅಂದಿನ ಸ್ಥಿತಿಯನ್ನು ಅವನು ಅರಿಯಲಾರದೆ ಹೋದುದು ಕ್ಷಮ್ಯ. ಆದರೆ ಅಲ್ಲಿ ತನ್ನನ್ನು ನಂಬಿದವರಿರುವರೆಂಬುದು ಅವನಿಗೆ ಗೊತ್ತಿದ್ದಿತು. ಗೊತ್ತಿದ್ದವರನ್ನು ಲೆಕ್ಕಕ್ಕೆ ತಾರದೆ ಹೋದುದು ಕ್ಷಮ್ಯವಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾವು ನಮ್ಮನ್ನೇ ವಂಚಿಸಿಕೊಂಡಂತೆ. 1792ರ ಮಾರ್ಚ್ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲೂ ಸೇಲಂ ಸೀಮೆಯೂ ಕಂಪನಿಯ ವಶವಾದವು. ನಮ್ಮ ಆಟದಲ್ಲಿ ಅದು ಒಂದು ಕಾಯಿ ಕೈ ಬದಲಾದಷ್ಟೇ. ಈ ಸೀಮೆಯ ರೈತನನ್ನಾಗಲಿ ನೇಕಾರನನ್ನಾಗಲಿ ಯಾರು ಕೇಳಿದರು? ಅವನ ಪಾಲಿಗೆ ಟಿಪ್ಪುವೂ ಕಾರ್ನ್‌ವಾಲಿಸನೂ ಇಬ್ಬರೂ ಹಲಗೆಯ ಆಚೆಯವರೇ. ದೂರವನ್ನು ಅಳೆಯಬೇಕಾದುದು ಹರದಾರಿಗಳಿಂದಲ್ಲ, ನಮ್ಮ ಮಾತು ಅಲ್ಲಿಗೆ ಮುಟ್ಟುವುದೋ ಇಲ್ಲವೋ ಎಂಬುದರಿಂದ.

ಆದುದರಿಂದ ಉಪಾಧ್ಯಾಯರಲ್ಲಿ ಒಂದು ಬಿನ್ನಹ. ಮೊದಲನೆಯ ಆಟ ಮುಗಿದ ಮೇಲೆ ಎಡಪ್ಪಾಡಿಯನ್ನೇ ನಡುವಿಟ್ಟು ಎರಡನೆಯ ಹಲಗೆಯನ್ನು ಬರೆಯಿರಿ. ತನ್ನ ಅರಸನು ಬದಲಾದುದನ್ನು ತಡವಾಗಿ ಬಂದ ಒಂದು ಓಲೆಯಿಂದ ತಿಳಿದ ಹುಡುಗನು, ಮುಂದೆ ಇನ್ನೊಬ್ಬರ ಊರನ್ನು ಕಾಯಿಯೆಂದು ಎತ್ತುವ ಮುನ್ನ ಕ್ಷಣಕಾಲವಾದರೂ ಕೈ ತಡೆದಾನು.