ಮೊಟ್ಟೆ ಕೊಟ್ಟರು, ಕೋಳಿ ಯಾರದು?

ಬಡವರ ಮಗುವಿನ ತಟ್ಟೆಗೆ ಒಂದು ಮೊಟ್ಟೆ ಬೀಳಬೇಕಾದರೆ ಈ ನಾಡಿನಲ್ಲಿ ಎಷ್ಟು ಜನರ ಅಪ್ಪಣೆ ಬೇಕು? ಮಂತ್ರಿಯದು ಬೇಕು, ಹಣಕಾಸು ಇಲಾಖೆಯದು ಬೇಕು, ಇರಲಿ. ಮಠದ ಅಪ್ಪಣೆಯೂ ಬೇಕು ಎಂಬುದನ್ನು 2021ರ ಡಿಸೆಂಬರಿನಲ್ಲಿ ನಾವೆಲ್ಲ ಕಂಡೆವು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಹೊರಟಿತು. ಅಷ್ಟಕ್ಕೇ ಹಲವು ಸ್ವಾಮಿಗಳಿಗೆ ಧರ್ಮವೇ ಮುಳುಗಿದಂತಾಯಿತು. ಪಕ್ಕದ ತಮಿಳುನಾಡಿನಲ್ಲಿ 1989ರಲ್ಲೇ ಶಾಲೆಯ ಊಟಕ್ಕೆ ಮೊಟ್ಟೆ ಬಂದಿತ್ತು. ಅಲ್ಲಿ ಯಾವ ಧರ್ಮ ಮುಳುಗಿದ್ದೂ ನಮಗೆ ಕಾಣಲಿಲ್ಲ. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಎದ್ದು ನಿಂತು, ಬೇಡ ಅನ್ನೋಕೆ ನೀವ್ಯಾರು, ಮಠಕ್ಕೇ ಬಂದು ತಿಂತೀವಿ ಎಂಬ ಅರ್ಥದಲ್ಲಿ ಕೇಳಿದ ಮೇಲೆ ನಮ್ಮಂಥವರು ಬರೆಯುವುದಕ್ಕೆ ಹೆಚ್ಚೇನೂ ಉಳಿಯಲಿಲ್ಲ.

ಆದರೂ ಒಂದು ವಾದ ಈಗಲೂ ತಿರುಗಿ ತಿರುಗಿ ಬರುತ್ತದೆ. ಸಸ್ಯಾಹಾರಿ ಮಕ್ಕಳ ಮನಸ್ಸು ನೋಯುತ್ತದೆ ಅಂತಾರೆ. ಅವರಿಗೆ ಬಾಳೆಹಣ್ಣು ಇದೆ, ಚಿಕ್ಕಿಯನ್ನೂ ಕೊಡುತ್ತಿದ್ದರು, ನಮ್ಮ ತಕರಾರಿಲ್ಲ. ಮೊಟ್ಟೆ ತಿನ್ನುವ ಮಗುವಿನ ಮನಸ್ಸು ಇಷ್ಟು ವರ್ಷ ಏನಾಗಿತ್ತು ಎಂದು ಯಾರಾದರೂ ಕೇಳಿದರೇ? ಅವ್ವ ಬೇಯಿಸಿ ಕೊಟ್ಟದ್ದು ಹೊಲಸು ಎಂಬ ಪಾಠವನ್ನು ಯಾವ ಪುಸ್ತಕದಲ್ಲೂ ಬರೆಯದೆ ಕಲಿಸಿದರಲ್ಲ, ಅದು ನೋವಲ್ಲವೇ? 1927ರಲ್ಲಿ ಬಾಬಾಸಾಹೇಬರು ಜನರನ್ನು ಕರೆದುಕೊಂಡು ಮಹಾಡದ ಕೆರೆಗೆ ಹೋದದ್ದು ಬರೀ ಬಾಯಾರಿಕೆಗಲ್ಲ. ಮೊಟ್ಟೆಯ ಮಾತೂ ಬರೀ ಪ್ರೋಟೀನಿನದಲ್ಲ.

ಇಷ್ಟು ಹೇಳಿದ ಮೇಲೆ ಕೊಡಗಿನತ್ತ ನೋಡಬೇಕು. ಯಾಕೆಂದರೆ ಇಲ್ಲಿ ಮಡಿಯ ಈ ಜಗಳ ಇಲ್ಲ. ಕೈಲ್‌ಪೊಳ್ದ್ ಹಬ್ಬ ಬಂದರೆ ಕಡಂಬುಟ್ಟು, ಹಂದಿ ಸಾರು. ಧಣಿಯೂ ಮಾಂಸ ತಿನ್ನುವವನೇ, ಆಳೂ ತಿನ್ನುವವನೇ. ಬಯಲುಸೀಮೆಯ ಗೆಳೆಯರು, ನಿಮ್ಮಲ್ಲಿ ಅನ್ನದ ಪ್ರಶ್ನೆಯೇ ಇಲ್ಲ ಬಿಡಿ ಎನ್ನುತ್ತಾರೆ. ಹಾಗಾದರೆ ಯರವರ, ಜೇನುಕುರುಬರ, ಬೆಟ್ಟಕುರುಬರ ಮಕ್ಕಳು ಮೊಟ್ಟೆ ತಿಂದು ದುಂಡಗೆ ಬೆಳೆಯಬೇಕಿತ್ತಲ್ಲ? ಗಿರಿಜನರಿಗೆಂದು ಸರ್ಕಾರ ಹಂಚುವ ಪೌಷ್ಟಿಕ ಆಹಾರದಲ್ಲಿ ಬೇಳೆ, ಎಣ್ಣೆ, ತುಪ್ಪದ ಜೊತೆ ಮೊಟ್ಟೆಯನ್ನೂ ಸೇರಿಸಬೇಕಾಗಿ ಬಂದದ್ದು ಯಾಕೆ? ಮಡಿ ಇಲ್ಲದ ಕಡೆಯೂ ಹಸಿವು ಇದ್ದರೆ, ಮಡಿಯ ಬೆನ್ನಿಗೆ ಇನ್ನೊಂದು ಯಾವುದೋ ನಿಂತಿದೆ ಎಂದೇ ಅರ್ಥ.

ಕಾಫಿ ತೋಟದ ಲೈನ್ ಮನೆಗೆ ಹೋಗಿ ನೋಡಿ. ಒಂದೇ ಗೋಡೆಗೆ ಅಂಟಿಕೊಂಡ ಸಾಲು ಕೋಣೆಗಳು. ಮನೆ ತೋಟದವರದು, ಅಂಗಳ ತೋಟದವರದು, ಅಂಗಳ ಮುಗಿದಲ್ಲಿಂದ ಕಾಫಿ ಗಿಡ. ಕೋಳಿ ಅಂದರೆ ಕೆದಕುವ ಪ್ರಾಣಿ. ಅದಕ್ಕೆ ತರಗೆಲೆ ಬೇಕು, ಗೊಬ್ಬರ ಬೇಕು, ಹುಳ ಬೇಕು. ಗಿಡದ ಬುಡಕ್ಕೆ ಹಾಕಿದ ಗೊಬ್ಬರವನ್ನು ಅದು ಕೆದಕಿದರೆ ರೈಟರು ಬರುತ್ತಾರೆ, ಮೇಸ್ತ್ರಿ ಬರುತ್ತಾರೆ. ಎರಡು ಕೋಳಿ ಸಾಕಬೇಕಾದರೂ ಸಾಹುಕಾರರ ಮನಸ್ಸು ನೋಡಬೇಕು. ಕೆಲಸ ಬಿಟ್ಟ ದಿನ ಲೈನ್ ಮನೆಯನ್ನೂ ಬಿಡಬೇಕು. ಗಂಟುಮೂಟೆ ಹೊರುವುದೋ, ಕೋಳಿಗೂಡು ಹೊರುವುದೋ? ಈಗ ಅಸ್ಸಾಮಿನಿಂದ ಬಂದು ಇದೇ ಸಾಲುಗಳಲ್ಲಿ ಇರುವವರ ಪಾಡೂ ಬೇರೆಯಲ್ಲ.

ಇದು ನಿನ್ನೆ ಮೊನ್ನೆಯ ಕತೆಯಲ್ಲ. ಕೊಡಗಿನ ಬಗ್ಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬರೆದವರು ಜೀತದಲ್ಲಿದ್ದ ಜನರನ್ನು ಎರಡು ಬಗೆಯಾಗಿ ಲೆಕ್ಕ ಹಾಕಿದ್ದಾರೆ: ಭೂಮಿಗೆ ಸೇರಿದ ಆಳು, ಒಕ್ಕಕ್ಕೆ ಸೇರಿದ ಆಳು. ಭೂಮಿ ಕೈ ಬದಲಾದರೆ ಅದರ ಜೊತೆ ಮನುಷ್ಯರೂ ಹೋಗುತ್ತಿದ್ದರು. ತನ್ನ ಮೈಯೇ ತನ್ನದಲ್ಲದವನಿಗೆ ಕೋಳಿ ತನ್ನದಾಗುವುದು ಹೇಗೆ? 1976ರಲ್ಲಿ ಜೀತ ವಿಮುಕ್ತಿ ಕಾಯ್ದೆ ಬಂತು. ಮನುಷ್ಯ ಭೂಮಿಯಿಂದ ಬಿಡುಗಡೆಯಾದ, ಆದರೆ ಭೂಮಿ ಮಾತ್ರ ಅವನ ಕಡೆ ಬರಲಿಲ್ಲ.

ಈಗ ದೇಶದ ಲೆಕ್ಕ ನೋಡೋಣ. 1950-51ರಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 183 ಕೋಟಿ ಮೊಟ್ಟೆ. ತಲೆಗೆ ಐದು. 2023-24ರಲ್ಲಿ 14,277 ಕೋಟಿ, ತಲೆಗೆ 103. ಹೈಬ್ರಿಡ್ ತಳಿ ಬಂತು, ಮೆಕ್ಕೆಜೋಳದ ಆಹಾರ ಬಂತು, ಲಸಿಕೆ ಬಂತು, ನಾಮಕ್ಕಲ್‌ನಂಥ ಊರುಗಳಲ್ಲಿ ಪಂಜರದ ಮೇಲೆ ಪಂಜರ ಬಂತು. 1982ರಲ್ಲಿ ಸಾಕಣೆದಾರರೇ ಸೇರಿ ಮೊಟ್ಟೆ ಸಮನ್ವಯ ಸಮಿತಿ ಕಟ್ಟಿಕೊಂಡು, ದಲ್ಲಾಳಿಗಳು ಹೇಳಿದ ಬೆಲೆಗೆ ಮಾರದೆ ಬೆಲೆಯನ್ನು ತಾವೇ ಹೇಳತೊಡಗಿದರು. ಹೆಚ್ಚು ಮೊಟ್ಟೆ ಉತ್ಪಾದಿಸುವ ಮೊದಲ ಐದು ರಾಜ್ಯಗಳಲ್ಲಿ ಕರ್ನಾಟಕವೂ ಇದೆ. ಇದನ್ನೆಲ್ಲ ನಾವು ಹಗುರವಾಗಿ ಕಾಣುವುದಿಲ್ಲ. ನಾಟಿ ಕೋಳಿ ವರ್ಷಕ್ಕೆ ಐವತ್ತು ಅರವತ್ತು ಇಟ್ಟರೆ ಹೆಚ್ಚು, ಪಂಜರದ ಕೋಳಿ ಮುನ್ನೂರು ಇಡುತ್ತದೆ. ಅಜ್ಜಿಯ ಕಾಲದ ಕೋಳಿಯೇ ಚೆಂದ ಎಂದು ಹಾಡುವವರು ಹೊಟ್ಟೆ ತುಂಬಿದವರು. ಆದರೆ ಆ ನಾಟಿ ಕೋಳಿ ಕಾವು ಕೂತು ಮರಿ ಮಾಡುತ್ತಿತ್ತು, ಸಂತೆಯಲ್ಲಿ ಮಾರಿದರೆ ಅವ್ವನ ಸೆರಗಿಗೆ ನಾಲ್ಕು ಕಾಸು ಗಂಟು ಬೀಳುತ್ತಿತ್ತು. ಪಂಜರದ ಕೋಳಿಗೆ ಕಾವು ಗೊತ್ತಿಲ್ಲ, ಅವ್ವನೂ ಗೊತ್ತಿಲ್ಲ. ತಲೆಗೆ 103 ಎಂಬ ಲೆಕ್ಕದಲ್ಲಿ ಎಸ್ಟೇಟ್ ಬಂಗಲೆಯ ತಲೆಯೂ ಲೈನ್ ಮನೆಯ ತಲೆಯೂ ಒಂದೇ. ವರ್ಷಕ್ಕೆ 180 ಬೇಕು ಎಂದು ಪೌಷ್ಟಿಕತೆಯ ತಜ್ಞರು ಹೇಳಿದ್ದು ಬೇರೆ ಮಾತು.

ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಲ್ಲಿ ಸಾಕುವುದಕ್ಕೆಂದೇ ಗಿರಿರಾಜ ತಳಿ ಮಾಡಿದರು. ಒಳ್ಳೆಯ ಕೆಲಸ. ಇಲಾಖೆಯವರು ಹಳ್ಳಿಯ ಹೆಂಗಸರಿಗೆ ಮರಿಗಳನ್ನೂ ಹಂಚುತ್ತಾರೆ. ಹಿತ್ತಲೇ ಇಲ್ಲದವರಿಗೆ ಹಿತ್ತಲ ಕೋಳಿ ಅಂದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಇಲ್ಲಿ ನಮ್ಮ ಕೆಲವು ಸಂಗಾತಿಗಳು ಒಂದು ಪ್ರಶ್ನೆ ಎತ್ತುತ್ತಾರೆ: ಕೊಟ್ಟ ಮೊಟ್ಟೆ ತಿನ್ನುವುದು ಕೈಚಾಚಿದಂತೆ ಅಲ್ಲವೇ? ಭೂಮಿ ಕೇಳಬೇಕಾದವರ ಬಾಯಿಗೆ ಮೊಟ್ಟೆ ತುರುಕುವ ಉಪಾಯ ಅಲ್ಲವೇ? ನಾವು ಒಪ್ಪುವುದಿಲ್ಲ. ಭೂಮಿ ಬರುವ ತನಕ ಮಗು ಕಾಯುವುದಿಲ್ಲ. ಎಲುಬು ಬೆಳೆಯುವ ವಯಸ್ಸು ಯಾವ ಚಳವಳಿಗೂ ನಿಲ್ಲುವುದಿಲ್ಲ. ಮೊಟ್ಟೆ ತಗೊಳ್ಳಿ, ಮಕ್ಕಳೇ, ಯಾರಿಗೂ ಕೈಮುಗಿಯಬೇಡಿ. ಅದು ನಿಮ್ಮ ಅವ್ವ ಕೊಟ್ಟ ತೆರಿಗೆಯದು, ಕೊಂಡ ಬೆಂಕಿಪೊಟ್ಟಣದ್ದೂ ಸೇರಿ.

ಆದರೆ ಸಂಗಾತಿಗಳ ಅನುಮಾನದಲ್ಲಿ ಒಂದು ಹುರುಳಿದೆ. 2022ರಲ್ಲಿ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ವಾರಕ್ಕೆ ಆರು ದಿನವಾಯಿತು. ಆರರಲ್ಲಿ ಎರಡು ದಿನದ್ದು ಸರ್ಕಾರದ ದುಡ್ಡು, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು. ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿಯ ಒಪ್ಪಂದ. ಒಂದು ಮೊಟ್ಟೆಗೆ 6 ರೂಪಾಯಿ ಎಂದು ಕಟ್ಟಿದರು. ಪೇಟೆಯ ದರ ಅದನ್ನು ದಾಟಿದಾಗ ಕೈಯಿಂದ ಹಾಕಿದವರು ಹಳ್ಳಿಯ ಮೇಷ್ಟ್ರುಗಳು. ಕೊಟ್ಟವರ ಮನಸ್ಸು ದೊಡ್ಡದೇ ಇರಬಹುದು. ಮಗುವಿನ ಹಕ್ಕು ಇನ್ನೊಬ್ಬರ ಮನಸ್ಸಿನ ಅಳತೆಗೆ ಸಿಕ್ಕಿಹಾಕಿಕೊಂಡರೆ, ಸಾಹುಕಾರರ ಮನಸ್ಸು ನೋಡಿ ಕೋಳಿ ಸಾಕುವುದಕ್ಕೂ ಅದಕ್ಕೂ ಎಷ್ಟು ದೂರ?

2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ನಡೆದದ್ದನ್ನು ಈ ಲೆಕ್ಕದಲ್ಲೇ ಇಟ್ಟು ನೋಡಬೇಕು. ಲೈನ್ ಮನೆ ಬಿಟ್ಟು ಬಂದ ಐನೂರಕ್ಕೂ ಹೆಚ್ಚು ಕುಟುಂಬಗಳು ಅಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಇದು ಪೈಸಾರಿ ಜಾಗ ಎಂದು ಜನ, ಮೀಸಲು ಅರಣ್ಯ ಎಂದು ಇಲಾಖೆ. ಗುಡಿಸಲು ಕಿತ್ತರು. ಚಳಿಯಲ್ಲಿ ಹೋರಾಟ ನಡೆಯಿತು. ಮುಂದಿನ ವರ್ಷ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ನಿವೇಶನ ಕೊಟ್ಟರು. ಆಗ ಆ ಜನರಿಗೆ ಇಟ್ಟ ಹೆಸರು ಒತ್ತುವರಿದಾರರು. ಅದಾದ ಐದಾರು ವರ್ಷಕ್ಕೆ ಇದೇ ರಾಜ್ಯದಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಬಂತು. ಸರ್ಕಾರಿ ಜಾಗ ಒತ್ತುವರಿ ಮಾಡಿ ಕಾಫಿ, ಮೆಣಸು, ಏಲಕ್ಕಿ ಬೆಳೆದವರಿಗೆ 25 ಎಕರೆಯವರೆಗೆ ಅದೇ ಜಾಗವನ್ನು 30 ವರ್ಷ ಗುತ್ತಿಗೆಗೆ ಕೊಡಬಹುದು ಎಂದು. ಅದು ತೋಟ ಮಾಡಿಕೊಂಡವರಿಗೆ. ಆ ತೋಟದಲ್ಲಿ ಬೆನ್ನು ಬಗ್ಗಿಸಿದವರಿಗೆ ಅದರಲ್ಲಿ ಒಂದು ಗುಂಟೆಯ ಮಾತೂ ಇಲ್ಲ.