ಕಲಿತ ಕೈ ಯಾವುದು?

ನರ್ಸುಗಳೂ ಡಾಕ್ಟರೇಟ್ ಮಾಡುತ್ತಾರೆ ಅಂದರೆ ನಮ್ಮ ಕಡೆ ಕಟ್ಟೆ ಮೇಲೆ ಕುಂತವರು ನಗತಾರ. "ಸೂಜಿ ಮಾಡಾಕ ಅಷ್ಟ್ಯಾಕ ಓದಬೇಕು?" ಅಂತಾರ. ಇದು ನಗುವ ಮಾತಲ್ಲ. ಅಮೇರಿಕಾದಾಗ ಈ ಓದಿನ ಮೇಲೆ ಇಪ್ಪತ್ತು ವರ್ಷದಿಂದ ವಾದ ನಡೆದೈತಿ. ಅದರೊಳಗ ನಮಗೂ ಬೇಕಾದ ಒಂದು ನೀತಿಯ ಪ್ರಶ್ನೆ ಐತಿ.

1925ರಲ್ಲಿ ಮೇರಿ ಬ್ರೆಕಿನ್ರಿಜ್ ಎಂಬ ತಾಯಿ ಕೆಂಟಕಿಯ ಗುಡ್ಡಗಾಡಿನಾಗ ನರ್ಸುಗಳ ಸೇವೆ ಶುರು ಮಾಡಿದರು. ಡಾಕ್ಟರು ಸಿಗದ ಕಡೆ ಆ ನರ್ಸುಗಳು ಕುದುರೆ ಏರಿ ಹೋಗಿ ಹೆರಿಗೆ ಮಾಡಿಸಿದರು. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟಾ ಫೋರ್ಡ್ ಮತ್ತು ಮಕ್ಕಳ ಡಾಕ್ಟರ್ ಹೆನ್ರಿ ಸಿಲ್ವರ್ ಕೂಡಿ 'ನರ್ಸ್ ಪ್ರಾಕ್ಟಿಷನರ್' ಶಿಕ್ಷಣ ತೆಗೆದರು. ಅದನ್ನು ಕಲಿತ ನರ್ಸು ತಾನೇ ತಪಾಸಣೆ ಮಾಡಿ, ರೋಗ ಗುರುತಿಸಿ, ಔಷಧ ಬರೆದುಕೊಡುತ್ತಾಳೆ. ಈಗ ಅಲ್ಲಿನ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಡಾಕ್ಟರರ ಮೇಲ್ವಿಚಾರಣೆ ಇಲ್ಲದೆ ಇದನ್ನು ಮಾಡಬಹುದು.

ಇಷ್ಟು ಭಾರ ಹೊರುವವರಿಗೆ ಮಾಸ್ಟರ್ ಪದವಿ ಸಾಲದು, ಡಾಕ್ಟರೇಟ್ ಬೇಕು ಅಂತ ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ 2004ರಲ್ಲಿ ಠರಾವು ಮಾಡಿತು. 2015ರ ಗಡುವು ಇಟ್ಟಿತು. ಗಡುವು ಮುಗೀತು; ಮಾಸ್ಟರ್ ಪದವಿಯವರಿಗೆ ಇನ್ನೂ ಲೈಸೆನ್ಸ್ ಸಿಗತೈತಿ.

ಡಾಕ್ಟರೇಟಿಗೆ 1000 ತಾಸು ಪ್ರಾಕ್ಟೀಸ್ ಆಗಬೇಕು ಅಂತ ಅಳತೆ ಹಾಕಿದರು. ಮಾಸ್ಟರ್ ಮುಗಿಸಿ ಬಂದವರ ಹಳೆಯ ತಾಸುಗಳನ್ನೂ ಈ ಲೆಕ್ಕಕ್ಕ ಹಿಡೀತಾರ. ಉಳಿದ ತಾಸು ಬಹಳಷ್ಟು ಪ್ರಾಜೆಕ್ಟಿಗೆ ಹೋಗಬಹುದು: ವಾರ್ಡಿನಾಗ ಸೋಂಕು ಯಾಕ ಹಬ್ಬತೈತಿ, ಮನೆಗೆ ಹೋದ ರೋಗಿ ಯಾಕ ತಿರುಗಿ ಬರತಾನ ಅಂತ ಹುಡುಕುವ ಕೆಲಸ. ಇದೂ ಪುಣ್ಯದ ಕೆಲಸವೇ, ನೂರು ಜನಕ್ಕ ಉಪಯೋಗ. ಆದರ ಎದುರಿಗೆ ಕುಂತ ಒಬ್ಬ ರೋಗಿಯ ಹೊಟ್ಟೆನೋವು ಯಾತರದು ಅಂತ ತಿಳಿಯುವ ಕಲಿಕೆ ಬ್ಯಾರೆ.

ನಮ್ಮ ಡೊಳ್ಳಿನ ಹಾಡಿಕೆಯಲ್ಲಿ ಪದ ಬಾಯಿಪಾಠ ಆದವರನ್ನೆಲ್ಲ ಮುಂದ ನಿಲ್ಲಿಸಂಗಿಲ್ಲ. ಹಿರಿಯರ ಹಿಂದೆ ವರ್ಷಗಟ್ಟಲೆ ದನಿಗೂಡಿಸಬೇಕು. ಹಂಗಂತ ಅರ್ಥ ತಿಳೀದೆ ಬರೇ ದನಿ ಎತ್ತುವವನೂ ಹಾಡುಗಾರ ಅಲ್ಲ. ಓದು 'ಯಾಕ' ಅಂತ ಕೇಳಾಕ ಕಲಿಸತೈತಿ. 'ಹೆಂಗ' ಅನ್ನುವುದು ಬಲ್ಲವರ ಕಣ್ಣೆದುರಿಗೆ ಕೈ ಮಾಡಿ ಕಲಿಯುವಂಥದ್ದು. ಎರಡೂ ಬೇಕು. ಒಂದರ ಬದಲಿ ಇನ್ನೊಂದು ಆಗೂದಿಲ್ಲ.

ಇನ್ನು ನೀತಿಯ ಮಾತು. ಎತ್ತು ಕೊಳ್ಳುವವ ಹಲ್ಲು ನೋಡಿ ಕೊಳ್ಳತಾನ. ರೋಗಿಗೆ ಆ ಅನುಕೂಲ ಇಲ್ಲ. ಜ್ವರದಾಗ ಮಲಗಿದಾಕಿ ಯಾರು ಎಷ್ಟು ತಾಸು ಎಲ್ಲಿ ಕಲಿತರು ಅಂತ ಕೇಳಂಗಿಲ್ಲ. ಹೆಸರಿನ ಮುಂದಿನ 'ಡಾಕ್ಟರ್' ಅನ್ನೂದನ್ನ ನಂಬತಾಳ. ಹಾಡಿನಾಗ ತಾಳ ತಪ್ಪಿದರ ಜನ ನಗತಾರ, ಅಲ್ಲಿ ತಪ್ಪಿದರ ಜೀವ ಹೋಗತೈತಿ. ಅದಕ್ಕ ಪದವಿ ಕೊಡುವವರು ಆ ನಂಬಿಕೆಯ ಸಾಲ ಹೊತ್ತವರು. ರೋಗಿಯ ಹತ್ತಿರ ಕಳೆದ ತಾಸನ್ನೂ ಪ್ರಾಜೆಕ್ಟಿನ ತಾಸನ್ನೂ ಬ್ಯಾರೆ ಬ್ಯಾರೆ ಎಣಿಸಿ ತೋರಿಸುವುದು ಅವರ ಧರ್ಮ.

ಇನ್ನೊಂದು ಕಡೆಯೂ ನೋಡಬೇಕು. ಓದು ಉದ್ದ ಆದಷ್ಟು ಫೀಯೂ ಏರತೈತಿ, ಬಡವರ ಮಕ್ಕಳು ಹಿಂದೆ ಸರೀತಾರ. ನಮ್ಮ ದೇಶದಾಗ ತೀವ್ರ ನಿಗಾ ಘಟಕದ ನರ್ಸ್ ಪ್ರಾಕ್ಟಿಷನರ್ ಶಿಕ್ಷಣ ಎರಡೇ ವರ್ಷದ ಮಾಸ್ಟರ್ ಪದವಿ. ಆಸ್ಪತ್ರೆಯಲ್ಲಿ ದುಡಿಯುತ್ತ ಕಲಿಯುವಂಥದ್ದು. ದೊಡ್ಡ ಪದವಿ ಬೇಕು ಅನ್ನುವವರು, ಅದರಿಂದ ಗುಡ್ಡದ ಊರಿಗೆ ಹೋಗುವ ನರ್ಸುಗಳು ಕಡಿಮೆ ಆಗದಂತೆಯೂ ನೋಡಬೇಕು. ನರ್ಸು ಬರುವತನಕ ಹೆರಿಗೆ ಬ್ಯಾನಿ ಕಾಯೂದಿಲ್ಲ.